ಹಿನ್ನೀರಿನ ಆಚೆ ದಡಕ್ಕೆ ಬಂದ ಬೆಳಕು

ಶರಾವತಿ ಕಣಿವೆಯ ಕರೆಂಟಿನ ಚರಿತ್ರೆ ಬರೆಯುವವರು ಎರಡು ಇಸವಿಗಳನ್ನು ಬಿಡುವುದಿಲ್ಲ. 1948ರಲ್ಲಿ ಜೋಗದಲ್ಲಿ ಮಹಾತ್ಮ ಗಾಂಧಿ ಜಲವಿದ್ಯುದಾಗಾರ ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಿತು. ಅಲ್ಲಿ ನಿಂತ ನೀರು ತಳಕಳಲೆ ಜಲಾಶಯಕ್ಕೆ ಹರಿದು, ದೊಡ್ಡ ಕೊಳವೆಗಳಲ್ಲಿ ಕಣಿವೆಗಿಳಿದು, 103.5 ಮೆಗಾವ್ಯಾಟಿನ ಹತ್ತು ಯಂತ್ರಗಳನ್ನು ತಿರುಗಿಸತೊಡಗಿತು. ಒಟ್ಟು 1,035 ಮೆಗಾವ್ಯಾಟ್. ಬೆಂಗಳೂರಿನ ಕಾರ್ಖಾನೆಗಳು ಓಡಿದ್ದು, ರಾಜ್ಯದ ಎಷ್ಟೋ ಊರುಗಳು ಬಲ್ಬು ಕಂಡದ್ದು ಈ ನೀರಿನಿಂದ. ಈ ಎರಡು ಅಧ್ಯಾಯಗಳನ್ನು ಬಲ್ಲವರು ಬಹಳ ಮಂದಿ ಇದ್ದಾರೆ. ನಾನು ಹೇಳಬೇಕೆಂದಿರುವುದು ಮೂರನೆಯದನ್ನು. ಆ ನೀರಿಗೆ ಮನೆಮಠ ಬಿಟ್ಟುಕೊಟ್ಟು ಆಚೆ ದಡದ ಕಾಡಿನಂಚಿನಲ್ಲಿ ಹೊಸದಾಗಿ ಬದುಕು ಕಟ್ಟಿಕೊಂಡವರ ಮನೆಗೆ ಬೆಳಕು ಬಂದ ಕಥೆ ಅದು.

ನಾನು ಸಾಗರದವನು. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ, ತೊಂಬತ್ತರ ದಶಕದ ಕೊನೆಯಿಂದ ಸೋಲಾರ್ ದೀಪ ಕೂರಿಸುವ, ಕೆಟ್ಟರೆ ರಿಪೇರಿ ಮಾಡುವ ಕೆಲಸದಲ್ಲೇ ಅನ್ನ ಕಂಡವನು. ಹಿನ್ನೀರಿನ ಆಚೆಯ ತುಮರಿ, ಕರೂರು, ಬಾರಂಗಿ ಕಡೆಯ ಮನೆಗಳಿಗೆ ಹೋಗಬೇಕಾದರೆ ಅಂಬಾರಗೋಡ್ಲು ದಡದಲ್ಲಿ ಬೈಕನ್ನು ಲಾಂಚಿಗೆ ಹತ್ತಿಸಬೇಕಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಆ ರಾತ್ರಿ ಆಚೆಯೇ. ಹಾಗೆ ಉಳಿದ ರಾತ್ರಿಗಳಲ್ಲೇ ಈ ಊರುಗಳ ಕತ್ತಲೆ ಎಂಥದೆಂದು ನನಗೆ ಸರಿಯಾಗಿ ತಿಳಿದದ್ದು.

ಲಿಂಗನಮಕ್ಕಿಯಲ್ಲಿ 1,819 ಅಡಿಯವರೆಗೆ ನೀರು ನಿಲ್ಲುತ್ತದೆ. ಅಷ್ಟು ನೀರು ನಿಂತಾಗ ನೂರಕ್ಕೂ ಹೆಚ್ಚು ಹಳ್ಳಿಗಳು ಹೋದವು. ಗದ್ದೆ, ತೋಟ, ದೇವಸ್ಥಾನ, ಕೆರೆ ಎಲ್ಲವೂ ಹೋದವು. ಕೆಲವರನ್ನು ಲಾರಿಗಳಲ್ಲಿ ತುಂಬಿ ದೂರದ ಕಾಡಿಗೆ ಕಳಿಸಿದರು. ಕೆಲವರು ನೀರು ಏರಿದ ಹಾಗೆ ತಾವೂ ಗುಡ್ಡ ಏರಿದರು. ಹಾಗೆ ಏರಿದವರಿಗೆ ಹಲವೆಡೆ ಕೈಯಲ್ಲಿ ಹಕ್ಕುಪತ್ರವಿಲ್ಲ. ಅವರ ಕಾಲಡಿಯ ನೆಲ ದಾಖಲೆಯಲ್ಲಿ ಅರಣ್ಯ. 1972ರಲ್ಲಿ ಸುತ್ತಲಿನ ಕಾಡು ಶರಾವತಿ ಕಣಿವೆ ವನ್ಯಜೀವಿ ಅಭಯಾರಣ್ಯವಾಯಿತು. ಅಲ್ಲಿಂದ ಮುಂದೆ ಒಂದು ಕಂಬ ನೆಡಬೇಕೆಂದರೂ ಕಾಗದಪತ್ರ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ದೊಡ್ಡ ಗೋಪುರಗಳ ಮೇಲೆ ಹೈಟೆನ್ಷನ್ ತಂತಿ ಮಾತ್ರ ಇದೇ ಕಾಡನ್ನು ಸೀಳಿಕೊಂಡು ಹೋಗಿತ್ತು. 220 ಕಿಲೋವೋಲ್ಟಿನ ಆ ತಂತಿಯಿಂದ ಒಂದು ಮನೆಗೆ ಕರೆಂಟ್ ತೆಗೆಯಲು ಬರುವುದಿಲ್ಲ. ಅದಕ್ಕೆ ಸಬ್‌ಸ್ಟೇಷನ್ ಬೇಕು, ಅಲ್ಲಿಂದ 11 ಕೆವಿ ಲೈನು, ಟ್ರಾನ್ಸ್‌ಫಾರ್ಮರ್, ಕಂಬಗಳು ಬೇಕು. ಐದಾರು ಮನೆಗಳ ಕೇರಿಗೆ ಅಷ್ಟನ್ನು ಯಾರು ಎಳೆಯುತ್ತಾರೆ? ತಲೆಯ ಮೇಲೆ ಲಕ್ಷಾಂತರ ವೋಲ್ಟು, ಒಳಗೆ ಚಿಮಣಿ ಬುಡ್ಡಿ. ಈ ಅನ್ಯಾಯವನ್ನು ನಾನು ಹೊಸದಾಗಿ ಕಂಡುಹಿಡಿದಿಲ್ಲ. ಶರಾವತಿ ಯೋಜನೆಯ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿ ದುಡಿದ ನಾ. ಡಿಸೋಜ ಅವರು ಮುಳುಗಡೆಯವರ ಪಾಡನ್ನು ಕಾದಂಬರಿಗಳಲ್ಲೇ ಇಟ್ಟಿದ್ದಾರೆ.

ಕತ್ತಲೆಗೆ ಮಲೆನಾಡಿನಲ್ಲಿ ಹಳೆಯ ಉಪಾಯಗಳಿದ್ದವು. ಅಜ್ಜಂದಿರ ಕಾಲದಲ್ಲಿ ಕಾಡಿನ ಹೊನ್ನೆ ಬೀಜ ಆರಿಸಿ, ಒಣಗಿಸಿ, ಗಾಣದಲ್ಲಿ ಎಣ್ಣೆ ತೆಗೆಸುತ್ತಿದ್ದರು. ಹೊನ್ನೆ ಎಣ್ಣೆಯ ದೀಪ ಹೊಗೆ ಕಾರುತ್ತದೆ, ಆದರೆ ಅದಕ್ಕೆ ಕಾಸು ಕೊಡಬೇಕಿರಲಿಲ್ಲ. ರಾತ್ರಿ ದಾರಿ ನಡೆಯಲು ಸೂಡಿ. ಆಮೇಲೆ ಸೀಮೆಎಣ್ಣೆ ಬಂತು. ಅಡುಗೆಮನೆಗೆ ಬುಡ್ಡಿ, ಜಗಲಿಗೆ ಲಾಟೀನು, ಮದುವೆ ಮುಂಜಿಗೆ, ಅಡಿಕೆ ಕೊಯ್ಲಿಗೆ ಗ್ಯಾಸ್‌ಲೈಟ್. ಸಂಜೆಯಾಗುತ್ತಲೇ ಲಾಟೀನಿನ ಗಾಜನ್ನು ಬೂದಿ ಹಾಕಿ ಒರೆಸುವುದು ಮಕ್ಕಳ ಕೆಲಸ. ಸೊಸೈಟಿಯ ಸೀಮೆಎಣ್ಣೆ ತಿಂಗಳ ಕೊನೆಯವರೆಗೆ ಬರುತ್ತಿರಲಿಲ್ಲ. ಮುಗಿದ ಮೇಲೆ ಕಾಳಸಂತೆಯ ಬೆಲೆ ಕೊಟ್ಟು ತರಬೇಕು, ಕ್ಯಾನು ಹಿಡಿದು ಲಾಂಚು ಹತ್ತಬೇಕು. ಬಡವರ ಮನೆಯ ಬೆಳಕೇ ಹೆಚ್ಚು ದುಬಾರಿ ಎಂಬುದು ಈ ಲೆಕ್ಕ ಹಾಕಿದವರಿಗಷ್ಟೇ ಗೊತ್ತು.

ಬಿಸಿಲನ್ನು ದುಡಿಸಿಕೊಳ್ಳುವುದನ್ನು ಈ ಊರುಗಳಿಗೆ ಸೋಲಾರ್ ಕಂಪನಿಗಳು ಕಲಿಸಲಿಲ್ಲ. ಅಡಿಕೆ ಬೆಳೆಯುವವನ ಮನೆ ತಗ್ಗಿನಲ್ಲಿರುತ್ತದೆ, ತೋಟದ ತಲೆಯಲ್ಲಿ, ಮರಗಳ ನೆರಳಿನಲ್ಲಿ. ಅಷ್ಟು ನೆರಳಿನ ನಡುವೆಯೂ ಪ್ರತಿ ಮನೆಗೂ ಒಂದು ಬಿಸಿಲಿನ ಜಾಗ ಇರಲೇಬೇಕು. ಬೇಯಿಸಿದ ಅಡಿಕೆ ಒಣಗಲು ವಾರದ ಬಿಸಿಲು ಬೇಕು. ಅದಕ್ಕೆಂದೇ ಅಂಗಳ ಸವರಿ, ದಬ್ಬೆಯ ಚಪ್ಪರ ಹಾಕಿ, ಬಿಸಿಲಿಗೆ ಅಡ್ಡ ಬರುವ ಕೊಂಬೆ ಕಡಿದಿರುತ್ತಾರೆ. ಯಾವ ಮೂಲೆಗೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಬಿಸಿಲು ಬೀಳುತ್ತದೆ, ಪುಷ್ಯ ಮಾಸದಲ್ಲಿ ತೆಂಗಿನ ನೆರಳು ಎಲ್ಲಿಯವರೆಗೆ ಚಾಚುತ್ತದೆ ಎಂಬುದು ಮನೆಯ ಹೆಂಗಸರಿಗೆ ಬಾಯಿಪಾಠ. ಪ್ಯಾನಲ್ ಎಲ್ಲಿ ನಿಲ್ಲಿಸಬೇಕೆಂದು ನಾನು ದಿಕ್ಸೂಚಿ ಹಿಡಿದು ಓಡಾಡುವ ಮೊದಲು ಅವರನ್ನೇ ಕೇಳುತ್ತಿದ್ದೆ. ಅವರು ತೋರಿಸಿದ ಜಾಗ ಬದಲಾಯಿಸಬೇಕಾಗಿ ಬಂದದ್ದು ಅಪರೂಪ. ಬಿಸಿಲೇ ಇಲ್ಲದ ಕಾಲದಲ್ಲಿ ಹಣ್ಣಾಗುವ ಉಪ್ಪಾಗೆಯ ಪಾಡು ಬೇರೆ. ಆ ಸಿಪ್ಪೆ ಒಣಗಿಸಲು ಮಳೆಗಾಲವಿಡೀ ಕಟ್ಟಿಗೆ ಉರಿಸಬೇಕು, ಅದಕ್ಕೆ ಕಾಡಿನ ಎಷ್ಟೋ ಮರ ಒಲೆಗೆ ಹೋಗಿವೆ.

ಬಿಸಿಲಿನಿಂದ ಕರೆಂಟು ಕೊಡುವ ಸಿಲಿಕಾನ್ ಬಿಲ್ಲೆಯನ್ನು ಅಮೆರಿಕದ ಬೆಲ್ ಪ್ರಯೋಗಾಲಯದವರು ತೋರಿಸಿದ್ದು 1954ರಲ್ಲಿ. ಆಗ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಆರು ಪಾಲು ಮಾತ್ರ ಕರೆಂಟಾಗುತ್ತಿತ್ತು. ಮೊದಲು ಅದು ಉಪಗ್ರಹಗಳಿಗೆ ಹೋಯಿತು, ಬಡವರ ಮನೆಗೆ ಬರಲು ನಾಲ್ಕು ದಶಕ ಹಿಡಿಯಿತು. ಬೆಂಗಳೂರಿನಲ್ಲಿ 1989ರಲ್ಲಿ ಟಾಟಾ ಬಿಪಿ ಸೋಲಾರ್ ಶುರುವಾದ ಮೇಲೆ ಪ್ಯಾನಲ್ಲುಗಳು ನಮ್ಮ ಕೈಗೆ ಸಿಗುವಷ್ಟು ಹತ್ತಿರ ಬಂದವು. 1995ರಲ್ಲಿ ಹರೀಶ್ ಹಂದೆ ಮತ್ತು ಅಮೆರಿಕದ ನೆವಿಲ್ ವಿಲಿಯಮ್ಸ್ ಸೇರಿ ಸೆಲ್ಕೋ ಕಟ್ಟಿದರು. ಹಂದೆ ಖರಗ್‌ಪುರದ ಐಐಟಿಯಲ್ಲಿ ಓದಿ, ಅಮೆರಿಕದಲ್ಲಿ ಡಾಕ್ಟರೇಟ್ ಮಾಡುವಾಗ ಡೊಮಿನಿಕನ್ ಗಣರಾಜ್ಯದ ಬಡ ಹಳ್ಳಿಗಳಲ್ಲಿ ಜನ ದುಡ್ಡು ಕೊಟ್ಟು ಸೋಲಾರ್ ಬಳಸುವುದನ್ನು ಕಂಡು ಬಂದವರು. ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ತಿಂಗಳಿಗೆ 300 ರೂಪಾಯಿ ಎಂದರೆ ಭಾರ, ದಿನಕ್ಕೆ 10 ರೂಪಾಯಿ ಎಂದರೆ ಕಟ್ಟಬಲ್ಲೆ ಎಂದು ಒಬ್ಬ ಬೀದಿ ವ್ಯಾಪಾರಿ ತಮಗೆ ಹೇಳಿದ್ದನ್ನು ಅವರು ಎಷ್ಟೋ ವೇದಿಕೆಗಳಲ್ಲಿ ನೆನೆದಿದ್ದಾರೆ. ನಮ್ಮ ಕಸುಬಿನ ಇಡೀ ಚರಿತ್ರೆ ಆ ಮಾತಿನ ಸುತ್ತಲೇ ಇದೆ ಎಂದು ನಾನು ನಂಬುತ್ತೇನೆ.

ಏಕೆಂದರೆ ಆಗಿನ ಬೆಲೆ ಕೇಳಿ. ಪ್ಯಾನಲ್ಲಿಗೆ ವ್ಯಾಟಿಗೆ 200 ರೂಪಾಯಿಯ ಆಸುಪಾಸು. ನಾಲ್ಕು ದೀಪ, ಒಂದು ಪ್ಯಾನಲ್, ಒಂದು ಬ್ಯಾಟರಿ, ಒಂದು ಚಾರ್ಜ್ ಕಂಟ್ರೋಲರ್ ಸೇರಿದ ಸೆಟ್ಟಿಗೆ 18,000 ರೂಪಾಯಿ ಬೀಳುತ್ತಿತ್ತು. ಕೂಲಿ ಮಾಡುವವನ ಮನೆಯಲ್ಲಿ ಅಷ್ಟು ದುಡ್ಡು ಒಟ್ಟಿಗೆ ಯಾರೂ ಕಂಡಿರಲಿಲ್ಲ. ಬ್ಯಾಂಕಿಗೆ ಹೋದರೆ ಮೊದಲು ಕೇಳುವುದು ಪಹಣಿ. ಮುಳುಗಡೆಯವರ ಕೈಯಲ್ಲಿ ಇಲ್ಲದ್ದೇ ಅದು. ಅಣೆಕಟ್ಟಿನಿಂದ ಮನೆ ಹೋಯಿತು, ಮನೆ ಹೋದದ್ದಕ್ಕೆ ದಾಖಲೆ ಹೋಯಿತು, ದಾಖಲೆ ಇಲ್ಲದ್ದಕ್ಕೆ ಸಾಲ ಇಲ್ಲ, ಸಾಲ ಇಲ್ಲದ್ದಕ್ಕೆ ಬೆಳಕಿಲ್ಲ. ಬಿಸಿಲು ಮಾತ್ರ ಅಂಗಳದಲ್ಲಿ ಬಿದ್ದೇ ಇತ್ತು.

ಈ ಗಂಟನ್ನು ಬಿಡಿಸಿದವರು ವಿಜ್ಞಾನಿಗಳಲ್ಲ, ಸಾಲ ಕೊಡುವ ಮೇಜಿನ ಹಿಂದೆ ಕೂತವರು. 2003ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು, ಅವುಗಳ ಪ್ರಾಯೋಜಿತ ಗ್ರಾಮೀಣ ಬ್ಯಾಂಕುಗಳು ಕಡಿಮೆ ಬಡ್ಡಿಗೆ ಸೋಲಾರ್ ಸಾಲ ಕೊಡಲು ಶುರುಮಾಡಿದವು. ಪ್ಯಾನಲ್ಲಿಗೆ ಸಬ್ಸಿಡಿ ಕೊಡಲಿಲ್ಲ, ಬಡ್ಡಿಯ ಭಾರವನ್ನಷ್ಟೇ ಇಳಿಸಿದರು. ಕರ್ನಾಟಕ ಮತ್ತು ಪಕ್ಕದ ಕೇರಳದ ಭಾಗಗಳಲ್ಲಿ ಮೂರ್ನಾಲ್ಕು ವರ್ಷಗಳಲ್ಲಿ 18,000ಕ್ಕೂ ಹೆಚ್ಚು ಮನೆಗಳಿಗೆ ಹಾಗೆ ದೀಪ ಬಂತು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘಗಳು ಇನ್ನೂ ಕೆಳಗಿನವರನ್ನು ಮುಟ್ಟಿದವು. ಅಲ್ಲಿ ಪಹಣಿ ಕೇಳುವುದಿಲ್ಲ, ಸಂಘದ ಸದಸ್ಯರೇ ಒಬ್ಬರಿಗೊಬ್ಬರು ಜಾಮೀನು, ವಾರ ವಾರ ಕಂತು. ಆ ಸಂಸ್ಥೆಗೆ 2012ರಲ್ಲಿ ಲಂಡನ್ನಿನ ಆಶ್ಡೆನ್ ಪ್ರಶಸ್ತಿ ಬಂದದ್ದು ಇಂಥ ಸಾಲಗಳಿಗಾಗಿಯೇ. ಕಂತು ಕಟ್ಟುವವನ ದುಡಿಮೆ ಯಾವಾಗ ಕೈಗೆ ಬರುತ್ತದೆ ಎಂಬುದನ್ನು ನೋಡಿ ಕಂತು ಇಡುವುದೇ ಇಲ್ಲಿನ ಮರ್ಮ. ಕೂಲಿಯವನಿಗೆ ವಾರಕ್ಕೊಮ್ಮೆ ದುಡ್ಡು ಸಿಗುತ್ತದೆ. ತೋಟದವನಿಗೆ ಮಾರಾಟ ಸಹಕಾರ ಸಂಘವಾದ ಮ್ಯಾಮ್ಕೋಸ್‌ಗೆ ಅಡಿಕೆ ಹಾಕಿದ ಮೇಲೆ, ವರ್ಷಕ್ಕೊಮ್ಮೆ. ನಮ್ಮ ಕಡೆಯ ಒಬ್ಬ ಬ್ಯಾಂಕ್ ಮ್ಯಾನೇಜರು ಇದನ್ನು ಅರ್ಥ ಮಾಡಿಕೊಂಡು ತೋಟದವರಿಗೆ ಮಾರ್ಚ್ ಕಂತು, ಕೂಲಿಯವರಿಗೆ ಪಿಗ್ಮಿ ಕಟ್ಟಿಸಿಕೊಂಡು ಕಂತು ಎಂದು ಬೇರೆಬೇರೆ ಮಾಡಿದರು. ಅವರ ಶಾಖೆಯ ಸಾಲದಲ್ಲಿ ಕೂರಿಸಿದ ದೀಪಗಳೇ ನನ್ನ ಕೈಯಲ್ಲಿ ಅತಿ ಹೆಚ್ಚು ವರ್ಷ ಉರಿದವು.

"ತಮ್ಮಾ, ಮಳೆಗಾಲ್ದಲ್ಲಿ ಸೂರ್ಯನೇ ಕಾಣಲ್ಲ, ಇದು ಹೆಂಗೆ ಉರಿಯತ್ತೆ?" ಹೋದ ಮನೆಯಲ್ಲೆಲ್ಲ ಈ ಪ್ರಶ್ನೆ. ಕೇಳಬೇಕಾದ ಪ್ರಶ್ನೆಯೇ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಅವರ ಸಂಗಡಿಗರು ನಮ್ಮ ಪಕ್ಕದ ಉತ್ತರ ಕನ್ನಡಕ್ಕೆ ಲೆಕ್ಕ ಹಾಕಿದ್ದಾರೆ. ಚದರ ಮೀಟರಿಗೆ ದಿನಕ್ಕೆ ಬೇಸಗೆಯಲ್ಲಿ 6.31 ಯೂನಿಟ್, ಚಳಿಗಾಲದಲ್ಲಿ 5.48, ಮಳೆಗಾಲದಲ್ಲಿ 4.16. ಮಳೆಗಾಲದಲ್ಲೂ ಬೇಸಗೆಯ ಮೂರರಲ್ಲಿ ಎರಡು ಪಾಲು ಬೆಳಕು ಬೀಳುತ್ತದೆ ಎಂದರೆ ಮೊದಲು ಯಾರೂ ನಂಬುತ್ತಿರಲಿಲ್ಲ. ಪ್ಯಾನಲ್ಲಿಗೆ ಸೂರ್ಯ ಕಾಣಲೇಬೇಕೆಂದಿಲ್ಲ, ಮೋಡದ ಹಿಂದಿನ ಬೆಳಕೂ ಅದಕ್ಕೆ ಆಹಾರ. 35 ವ್ಯಾಟಿನ ಪ್ಯಾನಲ್ಲನ್ನು ಈ 4.16ರಿಂದ ಗುಣಿಸಿದರೆ 145 ವ್ಯಾಟ್‌ಅವರ್ ಆಗುತ್ತದೆ. ಬ್ಯಾಟರಿಯಲ್ಲಿ, ವೈರಿನಲ್ಲಿ ಸೋರಿ ಹೋಗುವುದನ್ನು ಕಳೆದರೆ ಕೈಗೆ ಸಿಗುವುದು 100. ಒಂಬತ್ತು ವ್ಯಾಟಿನ ನಾಲ್ಕು ಸಿಎಫ್‌ಎಲ್ ಮೂರು ಗಂಟೆಯ ಹತ್ತಿರ ಉರಿಯುತ್ತವೆ. ಅಡುಗೆ, ಊಟ, ಮಕ್ಕಳ ಓದು ಮುಗಿಯುವಷ್ಟು. ಆದರೆ ಅದು ಇಡೀ ಜಿಲ್ಲೆಯ, ಇಡೀ ಮಳೆಗಾಲದ ಸರಾಸರಿ. ಘಟ್ಟದ ಮೇಲಿನ ತಗ್ಗಿನ ಮನೆಗೆ ಆಷಾಢದ ಜಡಿಮಳೆಯಲ್ಲಿ ಅಷ್ಟೂ ಸಿಗುವುದಿಲ್ಲ. ಆಗ ಒಂದು ದೀಪದಲ್ಲಿ ಸಂಸಾರ ನಡೆಸಬೇಕು, ಇದನ್ನು ಸಾಲಕ್ಕೆ ಸಹಿ ಹಾಕುವ ಮೊದಲೇ ನಾನು ಹೇಳಿಬಿಡುತ್ತಿದ್ದೆ. ಹಳ್ಳ ಇದ್ದ ಮನೆಗಳವರು ಇನ್ನೊಂದು ದಾರಿ ಹಿಡಿದರು. ಮಳೆಗಾಲದಲ್ಲಿ ಹಳ್ಳದ ನೀರಿಗೆ ಪುಟ್ಟ ಟರ್ಬೈನು, ನೀರು ಬತ್ತಿದ ಮೇಲೆ ಸೋಲಾರ್. ಮಲೆನಾಡಿಗೆ ಇದಕ್ಕಿಂತ ಒಪ್ಪುವ ಜೋಡಿಯನ್ನು ನಾನು ಕಂಡಿಲ್ಲ.

ಕೂರಿಸುವ ಕೆಲಸದಲ್ಲಿ ಕೈಚಳಕಕ್ಕಿಂತ ತಾಳ್ಮೆ ಹೆಚ್ಚು ಬೇಕು. ಸಾಗರ 14 ಡಿಗ್ರಿ ಅಕ್ಷಾಂಶದಲ್ಲಿದೆ. ಪುಸ್ತಕದ ಪ್ರಕಾರ ಪ್ಯಾನಲ್ ದಕ್ಷಿಣಕ್ಕೆ ಮುಖ ಮಾಡಿ ಅಷ್ಟೇ ಓರೆಯಾಗಿ ನಿಲ್ಲಬೇಕು. ನಾವು ಸ್ವಲ್ಪ ಹೆಚ್ಚೇ ಓರೆ ಮಾಡುತ್ತಿದ್ದೆವು, ಉದುರಿದ ಎಲೆ ಜಾರಿ ಹೋಗಲಿ, ಕೆಳಗಿನ ಅಂಚಿನಲ್ಲಿ ಪಾಚಿ ಕಟ್ಟದಿರಲಿ ಎಂದು. ಹನ್ನೆರಡು ವೋಲ್ಟಿನ ಬ್ಯಾಟರಿಗೆ ಬಳಸುವ ಪ್ಯಾನಲ್ಲಿನಲ್ಲಿ 36 ಬಿಲ್ಲೆಗಳು ಒಂದರ ಹಿಂದೆ ಒಂದು ಸರಪಳಿಯಂತೆ ಕೂಡಿಕೊಂಡಿರುತ್ತವೆ. ಒಂದೇ ಒಂದು ಬಿಲ್ಲೆಯ ಮೇಲೆ ಅಡಿಕೆ ಸೋಗೆಯ ನೆರಳು ಪೂರ್ತಿ ಬಿದ್ದರೂ ಇಡೀ ಪ್ಯಾನಲ್ ಸೊರಗುತ್ತದೆ. ಪ್ಯಾನಲ್ ಎಷ್ಟು ಅಗಲ ಇದೆ ಎಂಬುದಕ್ಕಿಂತ ನೆರಳು ಎಲ್ಲಿ ಬೀಳುತ್ತದೆ ಎಂಬುದು ದೊಡ್ಡದು. ಎರಡು ವರ್ಷದಲ್ಲಿ ಮರ ಬೆಳೆದು ನೆರಳು ಬಂದರೆ ದೀಪ ಮಂಕಾಗುತ್ತದೆ, ಮನೆಯವರು ಬ್ಯಾಟರಿಯನ್ನು ದೂರುತ್ತಾರೆ. ಇಲಿ ವೈರು ಕಡಿಯುತ್ತದೆ, ಇರುವೆ ಸ್ವಿಚ್ಚಿನೊಳಗೆ ಗೂಡು ಕಟ್ಟುತ್ತದೆ, ಮಂಗ ಹೆಂಚು ಒಡೆಯುವಾಗ ಪ್ಯಾನಲ್ಲಿನ ಮೇಲೂ ಕೂರುತ್ತದೆ. ಇವೆಲ್ಲ ಕಂಪನಿಯ ಕೈಪಿಡಿಯಲ್ಲಿ ಇರಲಿಲ್ಲ.

ಎಲ್ಲದಕ್ಕಿಂತ ಹೆಚ್ಚು ಕಾಪಾಡಬೇಕಾದದ್ದು ಬ್ಯಾಟರಿ. ಪ್ಯಾನಲ್ ಇಪ್ಪತ್ತು ಇಪ್ಪತ್ತೈದು ವರ್ಷ ಬಾಳುತ್ತದೆ. ಸೀಸದ ಬ್ಯಾಟರಿ ಚೆನ್ನಾಗಿ ನೋಡಿಕೊಂಡರೆ ಐದಾರು ವರ್ಷ, ನೋಡದಿದ್ದರೆ ಎರಡೇ. ಹೈಡ್ರೋಮೀಟರಿನ ರಬ್ಬರ್ ಗುಂಡಿ ಒತ್ತಿ ಆಸಿಡ್ ಎಳೆದಾಗ ಒಳಗಿನ ತೇಲು 1.240ರ ಹತ್ತಿರ ನಿಂತರೆ ತುಂಬಿದೆ ಎಂದರ್ಥ, 1.180ಕ್ಕೆ ಇಳಿದಿದ್ದರೆ ಆ ಮನೆಯಲ್ಲಿ ಯಾರೋ ಕಂಟ್ರೋಲರ್ ತಪ್ಪಿಸಿ ನೇರ ಬ್ಯಾಟರಿಯಿಂದ ಟಿವಿ ನೋಡಿದ್ದಾರೆ ಎಂದು ಹೇಳಿಬಿಡಬಹುದಿತ್ತು. ಕ್ರಿಕೆಟ್ ಪಂದ್ಯದ ಮರುದಿನವಂತೂ ಖಚಿತ. ಇನ್ನು ನೀರು. ಬಟ್ಟಿ ಇಳಿಸಿದ ನೀರು ಸಾಗರದಿಂದ ತರಬೇಕು. ಬಾವಿಯ ನೀರು ಹಾಕಿದರೆ ಅದರ ಲವಣಗಳು ತಟ್ಟೆಗಳನ್ನು ತಿಂದುಹಾಕುತ್ತವೆ. ಆದರೆ ಆಚೆ ದಡದಲ್ಲಿ ವರ್ಷದ ನಾಲ್ಕು ತಿಂಗಳು ಆಕಾಶವೇ ಶುದ್ಧ ನೀರು ಸುರಿಸುತ್ತದೆ. ಹೆಂಚಿನ ಮೇಲಿಂದ ಇಳಿದದ್ದಲ್ಲ, ಅಂಗಳದ ನಡುವೆ ಸ್ಟೂಲಿನ ಮೇಲೆ ಗಾಜಿನ ಭರಣಿ ಇಟ್ಟು, ಮೊದಲ ಕೆಲವು ಮಳೆ ಬಿಟ್ಟು, ಆಮೇಲೆ ನೇರ ಹಿಡಿದದ್ದು. ಬಟ್ಟೆಯಲ್ಲಿ ಸೋಸಿ ಮುಚ್ಚಿಟ್ಟರೆ ವರ್ಷಕ್ಕೆ ಸಾಕು. ಆ ಭರಣಿಯನ್ನು ಉಪ್ಪಿನಕಾಯಿ ಭರಣಿಯ ಪಕ್ಕದಲ್ಲೇ ಇಟ್ಟು ಕಾಪಾಡಿದ ಅಮ್ಮಂದಿರು ಇದ್ದಾರೆ. ಅಂಥ ಮನೆಗಳಲ್ಲಿ ಬ್ಯಾಟರಿ ಏಳು ವರ್ಷ ಬಾಳಿದ್ದನ್ನೂ ನೋಡಿದ್ದೇನೆ.

ದೀಪದಿಂದ ಏನಾಯಿತು ಎಂದು ಕೇಳುವವರು ಮಕ್ಕಳ ಓದಿನ ಮಾತು ಎತ್ತುತ್ತಾರೆ. ಅದು ನಿಜ. ಆದರೆ ನಮ್ಮಲ್ಲಿ ಲೆಕ್ಕಕ್ಕೆ ಬಂದದ್ದು ಅಡಿಕೆ ಸುಲಿಯುವ ಕೆಲಸ. ಹಸಿ ಅಡಿಕೆಯನ್ನು ಕೊಯ್ದ ದಿನವೇ ಸುಲಿಯಬೇಕು, ಮರುದಿನ ಬೆಳಿಗ್ಗೆ ಚೊಗರು ಹಾಕಿದ ಹಂಡೆಯಲ್ಲಿ ಬೇಯಬೇಕು. ಕೊಯ್ಲಿನ ಎರಡು ಮೂರು ತಿಂಗಳು ಹೆಂಗಸರು ಸಂಜೆಯಿಂದ ನಡುರಾತ್ರಿಯವರೆಗೆ ಸುಲಿಯುವ ಕತ್ತಿಯ ಮುಂದೆ ಕೂರುತ್ತಾರೆ. ಸುಲಿದಷ್ಟು ಡಬ್ಬಕ್ಕೆ ಅಷ್ಟು ಕೂಲಿ. ಗ್ಯಾಸ್‌ಲೈಟಿನ ಸುತ್ತ ಕೂತರೆ ಅರ್ಧ ಜನರ ಕೈ ಅವರದೇ ನೆರಳಿನಲ್ಲಿ, ಬೆರಳಿಗೆ ಕತ್ತಿ ತಾಗುವುದು ದಿನದ ಮಾತು. ಹುಳಗಳು ಮಂಟಲಿಗೆ ಮುತ್ತುತ್ತವೆ, ಗಂಟೆಗೊಮ್ಮೆ ಗಾಳಿ ಹೊಡೆಯಬೇಕು, ಸೀಮೆಎಣ್ಣೆ ತೋಟದವನ ಖರ್ಚು. ಚಪ್ಪರದ ಕೆಳಗೆ ಎರಡು ಸೋಲಾರ್ ದೀಪ ಎದುರುಬದುರಾಗಿ ಕಟ್ಟಿದ ವರ್ಷ ಅಲ್ಲಿ ನೆರಳು ಹೋಯಿತು. ಎಷ್ಟೋ ಮನೆಗಳವರು ಸುಲಿಯುವವರನ್ನು ಕರೆಯುವಾಗ "ನಮ್ಮಲ್ಲಿ ಸೋಲಾರ್ ಲೈಟ್ ಉಂಟು" ಎಂದು ಹೇಳುತ್ತಿದ್ದರು. ಕೂಲಿಯವರು ಬೆಳಕಿದ್ದ ಮನೆಗೆ ಹೋಗುತ್ತಿದ್ದರು. ಸೋಲಾರ್ ತೋಟದವನಿಗೆ ಲಾಭ ತಂದದ್ದು ಹೀಗೆ, ಸುಲಿಯುವ ಹೆಂಗಸಿಗೆ ಬೆರಳು ಉಳಿಸಿಕೊಟ್ಟದ್ದು ಹೀಗೆ. ಅವಳ ಮನೆಗೂ ದೀಪ ಬಂದದ್ದು ತಡವಾಗಿ, ಸಂಘದ ಸಾಲದಿಂದ.

ಇದೇ ಕಾಲದಲ್ಲಿ ಪುಕ್ಕಟೆ ದೀಪಗಳೂ ಬಂದವು. ಒಂದು ಇಲಾಖೆಯವರು ಕೆಲವು ಕೇರಿಗಳಿಗೆ ಪೂರ್ತಿ ಉಚಿತವಾಗಿ ಸೆಟ್ಟುಗಳನ್ನು ಹಂಚಿದರು. ಫೋಟೋ ತೆಗೆಸಿಕೊಂಡು ಹೋದ ಮೇಲೆ ಯಾರೂ ತಿರುಗಿ ಬರಲಿಲ್ಲ. ಎರಡನೆಯ ಮಳೆಗಾಲದ ಹೊತ್ತಿಗೆ ಫ್ಯೂಸು, ಬ್ಯಾಟರಿ ನೀರು, ಸಡಿಲವಾದ ಟರ್ಮಿನಲ್‌ನಂಥ ಹತ್ತು ನಿಮಿಷದ ಕೆಲಸಗಳಿಗೆ ದೀಪಗಳು ನಿಂತವು. ಪ್ಯಾನಲ್ಲುಗಳು ಸರಿಯಾಗೇ ಇದ್ದವು, ಆದರೂ ಕತ್ತಲೆ. ಜನ ಬ್ಯಾಟರಿಯನ್ನು ಗುಜರಿಗೆ ಹಾಕಿದರು; ಪ್ಯಾನಲ್ ಕೋಳಿಗೂಡಿನ ಬಾಗಿಲಾದದ್ದನ್ನು ನಾನೇ ಕಂಡಿದ್ದೇನೆ. ಅದೇ ಕೇರಿಯಲ್ಲಿ ಸಾಲ ಮಾಡಿ ಹಾಕಿಸಿಕೊಂಡವನ ದೀಪ ಉರಿಯುತ್ತಿತ್ತು. ಬಡವರಿಗೆ ಪುಕ್ಕಟೆ ಕೊಡಬಾರದು ಎಂದು ಹೇಳುವವನು ನಾನಲ್ಲ. ಈ ಜನ ನಾಡಿಗೆ ಕೊಟ್ಟದ್ದಕ್ಕೆ ಪುಕ್ಕಟೆ ಬೆಳಕು ಅವರ ಹಕ್ಕು. ಆದರೆ ಸಾಲದ ದೀಪದ ಹಿಂದೆ ಕಂತು ವಸೂಲಿಗೆ ಬರುವ ಬ್ಯಾಂಕಿನವನಿದ್ದ, ದೀಪ ಕೆಟ್ಟರೆ ಕಂತು ನಿಲ್ಲುತ್ತದೆ ಎಂಬ ಭಯ ಅವನಿಗಿತ್ತು, ಅವನು ನಮಗೆ ಫೋನು ಮಾಡುತ್ತಿದ್ದ, ನಾವು ಲಾಂಚು ಹತ್ತುತ್ತಿದ್ದೆವು. ಪುಕ್ಕಟೆ ದೀಪದ ಹಿಂದೆ ಹಾಗೆ ಯಾರೂ ಇರಲಿಲ್ಲ.

ಕಂಬದ ಕರೆಂಟು ಮೆಲ್ಲಗೆ ಬಂತು. 2005ರಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಿದ್ಯುತೀಕರಣ ಯೋಜನೆ, 2017ರಲ್ಲಿ ಸೌಭಾಗ್ಯ. 2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್‌ಗೆ ಕರೆಂಟು ಮುಟ್ಟಿದಾಗ ದೇಶದ ಎಲ್ಲ ಹಳ್ಳಿಗಳೂ ವಿದ್ಯುತ್ ಕಂಡವು ಎಂದು ಘೋಷಣೆಯಾಯಿತು. ಆ ಲೆಕ್ಕದಲ್ಲಿ ಊರಿನ ನೂರಕ್ಕೆ ಹತ್ತು ಮನೆಗಳಿಗೆ ಸಂಪರ್ಕ ಇದ್ದರೆ ಇಡೀ ಊರು ಸೇರುತ್ತಿತ್ತು. ಕಾಡಿನೊಳಗಿನ ಕೇರಿ ಉಳಿದ ತೊಂಬತ್ತರಲ್ಲಿ ಇರುತ್ತದೆ. ಸೌಭಾಗ್ಯದಲ್ಲಿ ದೂರದ ಮನೆಗಳಿಗೆ ಸೋಲಾರ್ ಕೊಡುವ ಒಳ್ಳೆಯ ಅವಕಾಶವಿತ್ತು: 200ರಿಂದ 300 ವ್ಯಾಟಿನ ಪ್ಯಾನಲ್, ಐದು ಎಲ್‌ಇಡಿ, ಒಂದು ಫ್ಯಾನು, ಒಂದು ಪ್ಲಗ್ಗು, ಐದು ವರ್ಷದ ನಿರ್ವಹಣೆ. ನಿರ್ವಹಣೆಯನ್ನು ಬರೆದದ್ದು ದೊಡ್ಡ ಹೆಜ್ಜೆ. ಆದರೆ ಸೀಸದ ಬ್ಯಾಟರಿಯ ಆಯುಷ್ಯವೂ ಆಸುಪಾಸು ಐದೇ ವರ್ಷ. ನೋಡಿಕೊಳ್ಳುವವರು ಹೋಗುವ ಹೊತ್ತಿಗೇ ಬ್ಯಾಟರಿಯೂ ಹೋಗುತ್ತದೆ. ಕಂಬದ ಕರೆಂಟು ಬಂದ ಮನೆಗಳಲ್ಲೂ ಸೋಲಾರ್ ಕೆಳಗಿಳಿಯಲಿಲ್ಲ. ಜೂನ್ ಮಳೆಗೆ ಮರ ಬಿದ್ದು ಲೈನು ಹೋದರೆ ಲೈನ್‌ಮನ್ ಬರುವವರೆಗೆ ನಾಲ್ಕು ದಿನವಾಗಬಹುದು. ಆ ನಾಲ್ಕು ದಿನ ಹಳೆಯ ಪ್ಯಾನಲ್ಲೇ ಗತಿ.

ಈಗ ಕಾಲ ಬದಲಾಗಿದೆ. 200 ರೂಪಾಯಿಯ ವ್ಯಾಟು 30ರ ಕೆಳಗಿಳಿದಿದೆ. ಒಂಬತ್ತು ವ್ಯಾಟಿನ ಸಿಎಫ್‌ಎಲ್ ಜಾಗದಲ್ಲಿ ಅದರ ಅರ್ಧ ಕರೆಂಟು ಸಾಕಾಗುವ ಎಲ್‌ಇಡಿ ಬಂದಿದೆ. ಅದೇ 35 ವ್ಯಾಟಿನ ಪ್ಯಾನಲ್ ಆಷಾಢದಲ್ಲೂ ಮನೆ ಬೆಳಗಿಸುತ್ತದೆ. ಲಿಥಿಯಂ ಬ್ಯಾಟರಿಗೆ ನೀರು ಹಾಕುವ ಗೋಜಿಲ್ಲ. ಹಾಲು ಕರೆಯುವ ಯಂತ್ರ, ಹೊಲಿಗೆ ಯಂತ್ರ, ಪುಟ್ಟ ಫ್ರಿಜ್ಜು, ತೋಟದ ಪಂಪು ಎಲ್ಲ ಸೋಲಾರಿನಲ್ಲಿ ಓಡುತ್ತವೆ. 2024ರ ಫೆಬ್ರವರಿಯಲ್ಲಿ ಬಂದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಚಾವಣಿ ಸೋಲಾರಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಆದರೆ ಅದಕ್ಕೆ ಕಂಬದ ಸಂಪರ್ಕ ಬೇಕು, ಮೀಟರು ಬೇಕು, ಗಟ್ಟಿ ಚಾವಣಿ ಬೇಕು. ಹಕ್ಕುಪತ್ರವೇ ಇಲ್ಲದ ಹೆಂಚಿನ ಮನೆಯವನು ಮತ್ತೆ ಹೊರಗೇ. ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಅಂಥದ್ದು ಮಲೆನಾಡಿಗೆ ಬೇಡ, ಕಾಡು ಕಡಿದು ಪ್ಯಾನಲ್ ಹಾಸುವುದು ಮೂರ್ಖತನ. ನಮ್ಮ ಬಿಸಿಲು ಅಂಗಳದ ಬಿಸಿಲು, ಅಡಿಕೆ ಚಪ್ಪರದಷ್ಟು ಅಗಲದ್ದು. ಅದೇ ಸಾಕು.

ಆದರೂ ದೂರದ ಬಯಲುಸೀಮೆಯ ಸೋಲಾರ್ ನಮ್ಮ ಕಣಿವೆಯನ್ನು ಹುಡುಕಿಕೊಂಡು ಬಂದಿದೆ. ಹಗಲು ಉಳಿಯುವ ಕರೆಂಟಿನಿಂದ ಗೇರುಸೊಪ್ಪೆ ಜಲಾಶಯದ ನೀರನ್ನು ತಳಕಳಲೆಗೆ ಎತ್ತಿ, ಸಂಜೆ ಮತ್ತೆ ಇಳಿಸಿ ಕರೆಂಟು ಮಾಡುವ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಅದು. ಸುರಂಗಗಳು ಹೋಗಬೇಕಾದದ್ದು ಸಿಂಗಳೀಕಗಳ ಅಭಯಾರಣ್ಯದ ಅಡಿಯಲ್ಲಿ. ಒಂದು ಕೇರಿಗೆ ಕಂಬ ನೆಡಲು ಅಡ್ಡ ಬಂದ ಅದೇ ಅರಣ್ಯ. ಇಡೀ ರಾಜ್ಯದ ಸಂಜೆಯ ಬೆಳಕಿಗೆ ಈ ಕಣಿವೆ ಮೂರನೆಯ ಬಾರಿ ಬೆಲೆ ತೆರಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಬೇಡ ಎಂಬುದೇ. ಬೇರೆಯವರ ಅಭಿಪ್ರಾಯ ಬೇರೆ ಇರಬಹುದು. ಮೊದಲ ಎರಡು ಬಾರಿ ಕೊಟ್ಟವರ ಮನೆಗಳ ಲೆಕ್ಕವನ್ನು ಮೊದಲು ಚುಕ್ತಾ ಮಾಡಿ ಎಂದು ಕೇಳುವುದರಲ್ಲಿ ಭಿನ್ನಾಭಿಪ್ರಾಯ ಇರಬಾರದು.

2025ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯಿತು. ಈಗ ರಾತ್ರಿ ಎಷ್ಟು ಹೊತ್ತಿಗಾದರೂ ಆಚೆ ಹೋಗಿ ಬರಬಹುದು. ರಿಪೇರಿಗೆ ಯಾರೂ ಬರುವುದಿಲ್ಲ ಎಂಬ ಮಾತಿಗೆ ಇನ್ನು ನೆಪವಿಲ್ಲ. ಆ ಕಡೆಯ ಗ್ರಾಮ ಪಂಚಾಯಿತಿಗಳ ಸದಸ್ಯರಲ್ಲಿ, ಸಂಘಗಳ ಹೆಂಗಸರಲ್ಲಿ ನನ್ನದೊಂದು ಕೇಳಿಕೆ. ಮುಂದಿನ ಗ್ರಾಮಸಭೆಯಲ್ಲಿ ಕೇರಿವಾರು ಪಟ್ಟಿ ಮಾಡಿ: ಯಾವ ಮನೆಯಲ್ಲಿ ಪ್ಯಾನಲ್ ಇದೆ, ಯಾವುದು ನಿಂತಿದೆ, ಯಾವುದಕ್ಕೆ ಬ್ಯಾಟರಿ ಮಾತ್ರ ಬೇಕು. ನಿಂತವುಗಳಲ್ಲಿ ಬಹುಪಾಲು ಬ್ಯಾಟರಿ ಬದಲಿಸಿದರೆ ಉರಿಯುತ್ತವೆ, ನನ್ನ ಅನುಭವದಿಂದ ಹೇಳುತ್ತಿದ್ದೇನೆ. ತಿಂಗಳಿಗೆ ಮನೆಗೆ ಐವತ್ತು ರೂಪಾಯಿಯಂತೆ ಬ್ಯಾಟರಿ ನಿಧಿ ಕೂಡಿಡಿ. ನಿಮ್ಮೂರಿನ ಐಟಿಐ ಓದಿದ ಹುಡುಗ ಹುಡುಗಿಯರಲ್ಲಿ ಇಬ್ಬರನ್ನು ಕಳಿಸಿ, ಕೆಲಸ ಕಲಿಸಲು ಸಾಗರದಲ್ಲಿ ನನ್ನಂಥ ಹಳಬರು ಇನ್ನೂ ಇದ್ದೇವೆ. ಹೊಸ ಯೋಜನೆ ಯಾವುದೇ ಬರಲಿ, ಸಹಿ ಹಾಕುವ ಮೊದಲು ಆರನೆಯ ವರ್ಷ ಕೆಟ್ಟರೆ ಯಾರು ಬರುತ್ತಾರೆ ಎಂದು ಕೇಳಿ, ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ.